ಒಂದು ದಿನದಲ್ಲಿ ಎಷ್ಟು ಡಬ್ಬಿ?

ಕಣ್ಣಾಮುಚ್ಚಾಲೆ ಆಡದ ಮಕ್ಕಳು ಯಾರಿದ್ದಾರೆ? ಒಬ್ಬರು ಕಣ್ಣು ಮುಚ್ಚಿ ಎಣಿಸುತ್ತಾರೆ. ಉಳಿದವರು ಬಾಗಿಲ ಸಂದಿಯಲ್ಲೋ ಹುಲ್ಲಿನ ಬಣವೆಯ ಹಿಂದೆಯೋ ಅಡಗುತ್ತಾರೆ. ಎಣಿಸಿದವರು ಹುಡುಕುತ್ತಾರೆ. ಈ ಆಟದಲ್ಲಿ ಅಡಗುವವರು ಮನುಷ್ಯರು. ಮನುಷ್ಯರ ಬದಲು ಒಂದು ಡಬ್ಬಿಯನ್ನು ಅಡಗಿಸಿಟ್ಟರೆ ಹೇಗೆ? ಅಡಗಿಸಿದವರು ಒಂದು ಊರಿನವರು, ಹುಡುಕುವವರು ಸಾವಿರಾರು ಮೈಲಿ ದೂರದಿಂದ ಬಂದವರು. ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿಲ್ಲ. ಆದರೂ ಡಬ್ಬಿ ಸಿಗುತ್ತದೆ! ಇಂಥ ಆಟವೊಂದು ನಿಜವಾಗಿಯೂ ಇದೆ. ಅದರ ಹೆಸರು ಜಿಯೋಕ್ಯಾಶಿಂಗ್.

'ಜಿಯೋ' ಎಂದರೆ ಭೂಮಿ. 'ಕ್ಯಾಶ್' ಎಂದರೆ ಅಡಗಿಸಿಟ್ಟದ್ದು. ಇದು ಅಂಗಡಿಯಲ್ಲಿ ಕೊಡುವ ಹಣದ ಕ್ಯಾಶ್ ಅಲ್ಲ. ಬಚ್ಚಿಡುವುದು ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಅಡಗಿಸಿಟ್ಟ ಡಬ್ಬಿಯನ್ನೇ ಆಟಗಾರರು ಕ್ಯಾಶ್ ಎಂದು ಕರೆಯುತ್ತಾರೆ. ನಾವು ಇಲ್ಲಿ ಡಬ್ಬಿ ಎಂದೇ ಹೇಳೋಣ.

ಡಬ್ಬಿ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಅದಕ್ಕೆ ಒಂದು ವಿಳಾಸ ಬೇಕು. ಕಾಡಿನ ನಡುವೆ ಇರುವ ಕಲ್ಲಿಗೆ ಮನೆ ನಂಬರು ಇಲ್ಲ, ಬೀದಿಯ ಹೆಸರೂ ಇಲ್ಲ. ಆದರೆ ಅಕ್ಷಾಂಶ, ರೇಖಾಂಶಗಳಿವೆ. ಭೂಗೋಳದ ಪಾಠದಲ್ಲಿ ನೀವು ಇವುಗಳನ್ನು ನೋಡಿದ್ದೀರಿ. ಗೋಲದ ಮೇಲೆ ಅಡ್ಡಲಾಗಿ ಎಳೆದ ಗೆರೆಗಳು ಅಕ್ಷಾಂಶಗಳು. ಮೇಲಿನಿಂದ ಕೆಳಕ್ಕೆ ಎಳೆದವು ರೇಖಾಂಶಗಳು. ಅಡ್ಡಗೆರೆಯೊಂದು ಉದ್ದಗೆರೆಯೊಂದನ್ನು ದಾಟುವ ಜಾಗ ಒಂದೇ. ಆದ್ದರಿಂದ ಎರಡು ಸಂಖ್ಯೆಗಳನ್ನು ಹೇಳಿದರೆ ಭೂಮಿಯ ಮೇಲಿನ ಯಾವ ಜಾಗವನ್ನಾದರೂ ತೋರಿಸಬಹುದು.

ನಮ್ಮ ಜಾಗದ ಈ ಸಂಖ್ಯೆಗಳನ್ನು ಹೇಳುವ ಯಂತ್ರವೇ ಜಿಪಿಎಸ್. ಈಗ ಅದು ದೊಡ್ಡವರ ಕೈಯಲ್ಲಿರುವ ಫೋನಿನೊಳಗೇ ಇದೆ. ಅದು ಹೇಗೆ ಕೆಲಸ ಮಾಡುತ್ತದೆ ಗೊತ್ತೇ? ಮಳೆಗಾಲದ ಒಂದು ಸಂಜೆಯನ್ನು ನೆನಪಿಸಿಕೊಳ್ಳಿ. ಮೊದಲು ಮಿಂಚು ಕಾಣಿಸುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಗುಡುಗು ಕೇಳಿಸುತ್ತದೆ. ಶಬ್ದ ಒಂದು ಸೆಕೆಂಡಿಗೆ ಸುಮಾರು ೩೪೦ ಮೀಟರ್ ದೂರ ಸಾಗುತ್ತದೆ. ಮಿಂಚಿದ ಮೂರು ಸೆಕೆಂಡುಗಳ ಮೇಲೆ ಗುಡುಗು ಕೇಳಿಸಿದರೆ, ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ಹೊಡೆದಿದೆ ಎಂದು ಅರ್ಥ. ನೋಡಿ, ನಾವು ಅಲ್ಲಿಗೆ ಹೋಗದೆಯೇ ದೂರವನ್ನು ಅಳೆದೆವು! ಸಮಯದಿಂದ ದೂರ ತಿಳಿಯಿತು.

ಜಿಪಿಎಸ್ ಮಾಡುವುದೂ ಇದನ್ನೇ. ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹಗಳು ಸುತ್ತುತ್ತಿವೆ. ಒಂದೊಂದೂ ದಿನಕ್ಕೆ ಎರಡು ಸುತ್ತು ಹಾಕುತ್ತದೆ. ಒಂದೊಂದರಲ್ಲಿಯೂ ಬಹು ನಿಖರವಾದ ಗಡಿಯಾರವಿದೆ. "ನಾನು ಇಂಥ ಜಾಗದಲ್ಲಿದ್ದೇನೆ, ಈಗ ಇಷ್ಟು ಹೊತ್ತು" ಎಂದು ಅವು ರೇಡಿಯೋ ಸಂಕೇತಗಳನ್ನು ಕಳುಹಿಸುತ್ತಲೇ ಇರುತ್ತವೆ. ಈ ಸಂಕೇತಗಳು ಬೆಳಕಿನ ವೇಗದಲ್ಲಿ ಬರುತ್ತವೆ. ಒಂದು ಸೆಕೆಂಡನ್ನು ಹದಿನೈದು ಪಾಲು ಮಾಡಿದರೆ ಸುಮಾರು ಒಂದು ಪಾಲಿನಷ್ಟು ಹೊತ್ತಿನಲ್ಲಿ ನೆಲಕ್ಕೆ ಮುಟ್ಟುತ್ತವೆ. ಸಂಕೇತ ಎಷ್ಟು ತಡವಾಗಿ ಬಂತು ಎಂಬುದರಿಂದ ಯಂತ್ರ ದೂರವನ್ನು ಲೆಕ್ಕ ಹಾಕುತ್ತದೆ. ಹೀಗೆ ಕಡಿಮೆ ಎಂದರೆ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕಿದರೆ ನಾವು ಎಲ್ಲಿದ್ದೇವೆ ಎಂಬುದು ತಿಳಿಯುತ್ತದೆ.

ಜಿಪಿಎಸ್ ಉಪಗ್ರಹಗಳು ಅಮೆರಿಕ ದೇಶದವು. ಇದೇ ಬಗೆಯ ಕೆಲಸಕ್ಕೆ ನಮ್ಮ ದೇಶವೂ ೨೦೧೩ರಿಂದ ಉಪಗ್ರಹಗಳನ್ನು ಹಾರಿಸಿದೆ. ನಮ್ಮ ವ್ಯವಸ್ಥೆಯ ಹೆಸರು ನಾವಿಕ್. ಅದರ ಒಂದು ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ.

ಅಮೆರಿಕ ತನ್ನ ಜಿಪಿಎಸ್ಸನ್ನು ಕಟ್ಟಿದ್ದು ಸೈನ್ಯಕ್ಕಾಗಿ. ಜನಸಾಮಾನ್ಯರೂ ಬಳಸಬಹುದಿತ್ತು. ಆದರೆ ಅವರಿಗೆ ಸಿಗುವ ಸಂಕೇತದಲ್ಲಿ ಸರಕಾರ ಬೇಕೆಂದೇ ಸ್ವಲ್ಪ ತಪ್ಪನ್ನು ಬೆರೆಸುತ್ತಿತ್ತು. ಯಂತ್ರ ತೋರಿಸಿದ ಜಾಗಕ್ಕೂ ನಿಜವಾದ ಜಾಗಕ್ಕೂ ನೂರು ಮೀಟರಿನಷ್ಟು ವ್ಯತ್ಯಾಸ ಬರಬಹುದಿತ್ತು. ನೂರು ಮೀಟರ್ ಎಂದರೆ ಒಂದು ಫುಟ್‌ಬಾಲ್ ಮೈದಾನದ ಉದ್ದ. ಅಷ್ಟು ದೊಡ್ಡ ಜಾಗದಲ್ಲಿ ಚಿಕ್ಕ ಡಬ್ಬಿಯನ್ನು ಹುಡುಕುವುದು ಹೇಗೆ? ೨೦೦೦ನೆಯ ಇಸವಿಯ ಮೇ ೨ರಂದು ಸರಕಾರ ಆ ತಪ್ಪನ್ನು ಬೆರೆಸುವುದನ್ನು ನಿಲ್ಲಿಸಿತು. ಅಂದಿನಿಂದ ಯಂತ್ರಗಳು ಹತ್ತಿಪ್ಪತ್ತು ಮೀಟರಿನೊಳಗೆ ಜಾಗವನ್ನು ತೋರಿಸತೊಡಗಿದವು.

ಮರುದಿನವೇ, ಮೇ ೩ರಂದು, ಡೇವ್ ಉಲ್ಮರ್ ಎಂಬವರು ಒಂದು ಕೆಲಸ ಮಾಡಿದರು. ಅಮೆರಿಕದ ಓರೆಗಾನ್ ರಾಜ್ಯದ ಬೀವರ್‌ಕ್ರೀಕ್ ಎಂಬ ಊರಿನ ಬಳಿ, ರಸ್ತೆಯ ಬದಿಯ ಮರಗಳ ನಡುವೆ ಒಂದು ಬಕೆಟ್ಟನ್ನು ಅಡಗಿಸಿಟ್ಟರು. ಅದರೊಳಗೆ ಪುಸ್ತಕ, ವೀಡಿಯೋ ಕ್ಯಾಸೆಟ್, ಕವಣೆಯ ಹಿಡಿ, ಕೆಲವು ಡಾಲರ್ ನೋಟುಗಳು ಮತ್ತು ಬೇಯಿಸಿದ ಕಾಳಿನ ಒಂದು ತಗಡಿನ ಡಬ್ಬಿ ಇದ್ದವು. ಹೆಸರು ಬರೆಯಲು ಒಂದು ಪುಸ್ತಕ ಮತ್ತು ಪೆನ್ಸಿಲ್ಲೂ ಇದ್ದವು. ಆಮೇಲೆ ಅವರು ಆ ಜಾಗದ ಸಂಖ್ಯೆಗಳನ್ನು ಇಂಟರ್‌ನೆಟ್ಟಿನಲ್ಲಿ ಬರೆದರು. ಉತ್ತರ ಅಕ್ಷಾಂಶ ೪೫ ಡಿಗ್ರಿ ೧೭.೪೬೦ ಮಿನಿಟು, ಪಶ್ಚಿಮ ರೇಖಾಂಶ ೧೨೨ ಡಿಗ್ರಿ ೨೪.೮೦೦ ಮಿನಿಟು. ಈ ಮಿನಿಟು ಗಡಿಯಾರದ ಮಿನಿಟಲ್ಲ. ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲು. ಅಕ್ಷಾಂಶದ ಕೊನೆಯ ಅಂಕೆ ಒಂದೇ ಒಂದು ಹೆಚ್ಚಾದರೆ ನೆಲದ ಮೇಲೆ ನಾವು ಸುಮಾರು ಎರಡು ಮೀಟರ್ ಸರಿದಿರುತ್ತೇವೆ. ಆದ್ದರಿಂದ ಒಂದು ಅಂಕೆಯನ್ನೂ ತಪ್ಪಾಗಿ ಬರೆಯುವಂತಿಲ್ಲ!

ಮೂರೇ ದಿನಗಳೊಳಗೆ ಇಬ್ಬರು ಆ ಬಕೆಟ್ಟನ್ನು ಕಂಡುಹಿಡಿದರು. ಬೇರೆಯವರೂ ತಮ್ಮ ಊರುಗಳಲ್ಲಿ ಡಬ್ಬಿಗಳನ್ನು ಅಡಗಿಸಿಡತೊಡಗಿದರು. ಅದೇ ತಿಂಗಳ ಕೊನೆಯಲ್ಲಿ ಆಟಕ್ಕೆ ಜಿಯೋಕ್ಯಾಶಿಂಗ್ ಎಂಬ ಹೆಸರು ಬಂತು. ಈಗ ಜಗತ್ತಿನಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಡಬ್ಬಿಗಳು ಅಡಗಿ ಕುಳಿತಿವೆ.

ಆಟದ ನಿಯಮಗಳು ಕಷ್ಟದವಲ್ಲ. ಡಬ್ಬಿ ಸಿಕ್ಕಿದರೆ ಒಳಗಿರುವ ಕಾಗದದ ಮೇಲೆ ಹೆಸರು ಮತ್ತು ದಿನಾಂಕ ಬರೆಯಬೇಕು. ಒಳಗಿನ ವಸ್ತುವೊಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು. ಡಬ್ಬಿಯನ್ನು ಇದ್ದ ಜಾಗದಲ್ಲೇ, ಇದ್ದ ಹಾಗೆಯೇ ಮತ್ತೆ ಅಡಗಿಸಬೇಕು. ನೆಲ ಅಗೆದು ಹೂಳುವಂತಿಲ್ಲ. ಜಮೀನಿನ ಒಡೆಯರ ಒಪ್ಪಿಗೆ ಬೇಕು. ತಿಂಡಿಯನ್ನು ಇಡುವಂತಿಲ್ಲ, ಏಕೆಂದರೆ ವಾಸನೆ ಹಿಡಿದು ಬರುವ ಪ್ರಾಣಿಗಳು ಡಬ್ಬಿಯನ್ನು ಕಚ್ಚಿ ಹಾಳುಮಾಡುತ್ತವೆ. ಮೊಟ್ಟಮೊದಲ ಬಕೆಟ್ಟಿನಲ್ಲೇ ಕಾಳಿನ ಡಬ್ಬಿ ಇತ್ತಲ್ಲ ಎಂದು ನೀವು ಕೇಳಬಹುದು. ಹೌದು, ಇತ್ತು. ಆಗ ನಿಯಮಗಳು ಇನ್ನೂ ಹುಟ್ಟಿರಲಿಲ್ಲ.

ಇನ್ನೂ ಒಂದು ನಿಯಮವಿದೆ. ಅದನ್ನು ಚೆನ್ನಾಗಿ ನೆನಪಿಡಿ, ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ. ಒಂದು ಡಬ್ಬಿಗೂ ಇನ್ನೊಂದು ಡಬ್ಬಿಗೂ ನಡುವೆ ಕಡಿಮೆ ಎಂದರೆ ೧೬೧ ಮೀಟರ್ ದೂರ ಇರಬೇಕು. ಇದೇನು, ನೂರೈವತ್ತಲ್ಲ, ಇನ್ನೂರಲ್ಲ, ೧೬೧? ಅಮೆರಿಕದವರು ದೂರವನ್ನು ಮೈಲಿಯಲ್ಲಿ ಅಳೆಯುತ್ತಾರೆ. ಮೈಲಿಯ ಹತ್ತನೆಯ ಒಂದು ಪಾಲು ೧೬೧ ಮೀಟರ್.

ಸಾಮಾನ್ಯವಾಗಿ ಒಂದು ಡಬ್ಬಿಯನ್ನು ಹುಡುಕಲು ಕಾಲು ಗಂಟೆಯೋ ಅರ್ಧ ಗಂಟೆಯೋ ಬೇಕು. ಯಂತ್ರ ಜಾಗದ ಹತ್ತಿರಕ್ಕೆ ಮಾತ್ರ ಕರೆದುಕೊಂಡು ಹೋಗುತ್ತದೆ. ಆಮೇಲೆ ಕಣ್ಣಿನ ಕೆಲಸ. ಮರದ ಪೊಟರೆ, ಕಲ್ಲಿನ ಸಂದಿ, ಸೇತುವೆಯ ಕಂಬಿ ಎಲ್ಲವನ್ನೂ ನೋಡಬೇಕು. ಕೆಲವರು ಡಬ್ಬಿಗೆ ಮರದ ತೊಗಟೆಯನ್ನೇ ಅಂಟಿಸಿ ಇಡುತ್ತಾರೆ. ಎದುರಿಗಿದ್ದರೂ ಕಾಣಿಸುವುದಿಲ್ಲ! ದಾರಿಯ ಜನ ನೋಡದಂತೆ ಹುಡುಕುವುದೂ ಒಂದು ಕಲೆ. ಹೀಗೆ ದಿನವಿಡೀ ತಿರುಗಿದರೆ ಹತ್ತೋ ಇಪ್ಪತ್ತೋ ಡಬ್ಬಿ ಸಿಕ್ಕಬಹುದು.

ಆದರೆ ಎಣಿಸುವುದು ಮನುಷ್ಯನ ಅಭ್ಯಾಸ. ಗೋಲಿಯನ್ನೂ ಎಣಿಸುತ್ತೇವೆ, ಹುಣಸೆಬೀಜವನ್ನೂ ಎಣಿಸುತ್ತೇವೆ. ಡಬ್ಬಿ ಹುಡುಕುವವರೂ ಎಣಿಸತೊಡಗಿದರು. ಒಂದೇ ದಿನದಲ್ಲಿ ಅತಿ ಹೆಚ್ಚು ಎಂದರೆ ಎಷ್ಟು ಡಬ್ಬಿ ಹುಡುಕಬಹುದು?

ಈ ಪ್ರಶ್ನೆ ಬಂದ ಮೇಲೆ ಡಬ್ಬಿ ಇಡುವ ಬಗೆಯೂ ಬದಲಾಯಿತು. ಸಾಧ್ಯವಿದೆ ಎಂಬ ಒಂದೇ ಕಾರಣಕ್ಕೆ ಸಾಲಾಗಿ ಡಬ್ಬಿ ಇಡಬೇಡಿ ಎಂಬ ಮಾತು ಮೊದಲು ನಿಯಮಗಳಲ್ಲಿತ್ತು. ಮುಂದೆ ಅದನ್ನು ಸಡಿಲಿಸಿದರು. ಆಗ ಕೆಲವರು ಉದ್ದವಾದ ರಸ್ತೆಗಳ ಬದಿಯಲ್ಲಿ ೧೬೧ ಮೀಟರಿಗೆ ಒಂದರಂತೆ ಡಬ್ಬಿಗಳ ಸಾಲನ್ನೇ ಇಟ್ಟರು. ಇಂಥ ಸಾಲಿಗೆ 'ಪವರ್ ಟ್ರೇಲ್' ಎಂದು ಹೆಸರು. ಇವುಗಳಲ್ಲಿ ಬಹಳ ಪ್ರಸಿದ್ಧವಾದುದು ಅಮೆರಿಕದ ನೆವಾಡಾ ರಾಜ್ಯದ ೩೭೫ನೆಯ ರಸ್ತೆಯ ಸಾಲು.

ಈ ರಸ್ತೆಯ ಉದ್ದ ಸುಮಾರು ೧೫೮ ಕಿಲೋಮೀಟರ್. ಮಳೆ ಬಹಳ ಕಡಿಮೆ ಇರುವ ಬಯಲು. ಎರಡೂ ಬದಿಗಳಲ್ಲಿ ಮೊಣಕಾಲೆತ್ತರದ ಕುರುಚಲು ಗಿಡಗಳು, ದೂರದಲ್ಲಿ ಬೋಳು ಬೆಟ್ಟಗಳು. ರೇಚಲ್ ಎಂಬ ಪುಟ್ಟ ಊರೊಂದನ್ನು ಬಿಟ್ಟರೆ ದಾರಿಯಲ್ಲಿ ಊರೇ ಇಲ್ಲವೆನ್ನಬಹುದು. ಹತ್ತಿರದಲ್ಲಿ ವಾಯುಸೇನೆಯ ಗುಟ್ಟಿನ ಪ್ರದೇಶವೊಂದಿದೆ. ಅಲ್ಲಿನ ಆಕಾಶದಲ್ಲಿ ಹಾರುವ ತಟ್ಟೆಗಳನ್ನು ಕಂಡೆವೆಂದು ಹೇಳುವವರಿದ್ದಾರೆ. ಅದಕ್ಕಾಗಿಯೇ ೧೯೯೬ರಲ್ಲಿ ರಾಜ್ಯ ಸರಕಾರ ಈ ರಸ್ತೆಗೆ 'ಅನ್ಯಗ್ರಹವಾಸಿಗಳ ಹೆದ್ದಾರಿ' ಎಂಬ ಅರ್ಥದ ಹೆಸರಿಟ್ಟಿತು. ಅನ್ಯಗ್ರಹದವರು ಬಂದರೋ ಇಲ್ಲವೋ, ಡಬ್ಬಿ ಹುಡುಕುವವರಂತೂ ಗುಂಪು ಗುಂಪಾಗಿ ಬಂದರು. ೨೦೧೦ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಡಬ್ಬಿಗಳ ಸಾಲಿತ್ತು.

ಅಲ್ಲಿ ಒಂದೇ ದಿನದಲ್ಲಿ ಸಾವಿರಕ್ಕಿಂತ ಹೆಚ್ಚು ಡಬ್ಬಿ ಹುಡುಕಿದ ತಂಡಗಳಿವೆ. ಸಾವಿರ! ಇದು ಸಾಧ್ಯವೇ? ಬನ್ನಿ, ಲೆಕ್ಕ ಮಾಡೋಣ.

ಒಂದು ದಿನಕ್ಕೆ ೨೪ ಗಂಟೆ. ಒಂದು ಗಂಟೆಗೆ ೩,೬೦೦ ಸೆಕೆಂಡು. ಎರಡನ್ನೂ ಗುಣಿಸಿದರೆ ದಿನಕ್ಕೆ ೮೬,೪೦೦ ಸೆಕೆಂಡು. ಇದನ್ನು ಸಾವಿರ ಡಬ್ಬಿಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು ೮೬ ಸೆಕೆಂಡು ಸಿಗುತ್ತದೆ. ಒಂದೂವರೆ ಮಿನಿಟೂ ಇಲ್ಲ. ಅಷ್ಟರಲ್ಲಿ ೧೬೧ ಮೀಟರ್ ಕಾರು ಓಡಬೇಕು. ಗಂಟೆಗೆ ೪೦ ಕಿಲೋಮೀಟರ್ ವೇಗವಾದರೆ ಇದಕ್ಕೇ ೧೫ ಸೆಕೆಂಡು ಹೋಯಿತು. ಕಾರು ನಿಲ್ಲಬೇಕು. ಬಾಗಿಲು ತೆರೆದು ಇಳಿಯಬೇಕು. ಓಡಿಹೋಗಿ ಡಬ್ಬಿ ಹುಡುಕಬೇಕು. ಕಾಗದ ಬಿಚ್ಚಿ ಹೆಸರು ಹಾಕಬೇಕು. ಮತ್ತೆ ಸುತ್ತಿ, ಒಳಗಿಟ್ಟು, ಮುಚ್ಚಿ, ಅಡಗಿಸಿ ಓಡಿಬಂದು ಕಾರು ಹತ್ತಬೇಕು. ಊಟಕ್ಕೆ, ಪೆಟ್ರೋಲಿಗೆ, ನಿದ್ದೆಗೆ ಇದರಲ್ಲಿ ಒಂದು ಸೆಕೆಂಡನ್ನೂ ಇಟ್ಟಿಲ್ಲ ಎಂಬುದನ್ನು ಗಮನಿಸಿ. ರಸ್ತೆಯಿಂದ ಡಬ್ಬಿಗೆ ಐದೇ ಮೀಟರ್ ಎಂದಿಟ್ಟುಕೊಳ್ಳೋಣ. ಹೋಗಿಬರಲು ಹತ್ತು ಮೀಟರ್. ಸಾವಿರ ಸಲ ಹೋಗಿಬಂದರೆ ಹತ್ತು ಕಿಲೋಮೀಟರ್ ಓಟವಾಯಿತು. ಕಾರಿನಲ್ಲೇ ಹೋದರೂ ಕಾಲಿಗೆ ಬಿಡುವಿಲ್ಲ!

ಆದ್ದರಿಂದ ಇದು ಒಬ್ಬರಿಂದ ಆಗುವ ಕೆಲಸವಲ್ಲ. ನಾಲ್ಕೈದು ಮಂದಿಯ ತಂಡ ಬೇಕು. ಒಬ್ಬರು ಕಾರು ಓಡಿಸುತ್ತಾರೆ. ಅವರು ಇಳಿಯುವುದೇ ಇಲ್ಲ. ಒಬ್ಬರು ಜಿಪಿಎಸ್ ನೋಡುತ್ತ "ಐವತ್ತು ಮೀಟರ್, ಇಪ್ಪತ್ತು, ನಿಲ್ಲಿಸಿ" ಎಂದು ಕೂಗಿ ಹೇಳುತ್ತಾರೆ. ಒಬ್ಬಿಬ್ಬರು ಇಳಿದು ಓಡುತ್ತಾರೆ. ಇನ್ನೊಬ್ಬರು ಲೆಕ್ಕ ಬರೆದಿಡುತ್ತಾರೆ. ಪ್ರತಿಯೊಬ್ಬರೂ ಬೇರೆ ಬೇರೆ ಹೆಸರು ಬರೆಯುತ್ತ ಕುಳಿತರೆ ಹೊತ್ತು ಹೋಗುತ್ತದೆ. ಅದಕ್ಕೆ ಇಡೀ ತಂಡಕ್ಕೆ ಒಂದೇ ಹೆಸರು. ಆ ಹೆಸರಿನ ರಬ್ಬರ್ ಮೊಹರು ಮಾಡಿಸಿಕೊಂಡಿರುತ್ತಾರೆ. ಟಪ್ ಎಂದು ಒತ್ತಿದರೆ ಮುಗಿಯಿತು.

ಡಬ್ಬಿಗಳೂ ಒಂದೇ ಬಗೆಯವು. ಹಿಂದೆ ಕ್ಯಾಮರಾದ ಫಿಲ್ಮ್ ಸುರುಳಿ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತಿತ್ತು. ನಿಮ್ಮ ಹೆಬ್ಬೆರಳಿಗಿಂತ ದಪ್ಪ, ಸುಮಾರು ಅಷ್ಟೇ ಉದ್ದ. ಮನೆಯಲ್ಲಿ ಅಜ್ಜಿ ಅದರಲ್ಲಿ ಕುಂಕುಮವನ್ನೋ ಲವಂಗವನ್ನೋ ಹಾಕಿಟ್ಟಿದ್ದನ್ನು ನೋಡಿರಬಹುದು. ಅಂಥ ಡಬ್ಬಿಯಲ್ಲಿ ಸುತ್ತಿದ ಒಂದು ಕಾಗದ, ಬೇರೇನೂ ಇಲ್ಲ. ಅದನ್ನು ಗಿಡದ ಬುಡದಲ್ಲಿಟ್ಟು ಮೇಲೆ ನಾಲ್ಕು ಕಲ್ಲು ಪೇರಿಸಿರುತ್ತಾರೆ. ಹತ್ತು ಡಬ್ಬಿ ನೋಡಿದ ಮೇಲೆ ಹನ್ನೊಂದನೆಯದನ್ನು ಹುಡುಕುವುದೇ ಬೇಡ. ಕಲ್ಲಿನ ಗುಪ್ಪೆ ದೂರದಿಂದಲೇ ಕಾಣುತ್ತದೆ.

ರಾತ್ರಿಯೂ ಕೆಲಸ ನಿಲ್ಲುವುದಿಲ್ಲ. ತಲೆಗೆ ದೀಪ ಕಟ್ಟಿಕೊಂಡು ಇಳಿಯುತ್ತಾರೆ. ಹಗಲು ಸುಡುವ ಈ ಬಯಲು ರಾತ್ರಿ ಚಳಿಯಿಂದ ನಡುಗಿಸುತ್ತದೆ. ಕಲ್ಲಿನ ಕೆಳಗೆ ಕೈ ಹಾಕುವ ಮೊದಲು ಚೇಳು, ಹಾವುಗಳಿವೆಯೇ ಎಂದು ನೋಡಬೇಕು. ಬೇಲಿಯಿಲ್ಲದ ಬಯಲಾದ್ದರಿಂದ ದನಗಳು ಕತ್ತಲಲ್ಲಿ ರಸ್ತೆಗೆ ಬರುತ್ತವೆ. ನೀರು, ಬುತ್ತಿ, ಬದಲಿ ಚಕ್ರ ಎಲ್ಲವನ್ನೂ ಮೊದಲೇ ಒಯ್ಯಬೇಕು. ಟೈರು ಪಂಕ್ಚರಾದರೆ ಬಂದು ಸರಿಮಾಡುವ ಅಂಗಡಿ ಅಲ್ಲಿಲ್ಲ.

ಇಷ್ಟೆಲ್ಲ ಮಾಡಿದರೂ ಹೊತ್ತು ಸಾಲದು ಎಂದು ಕೆಲವು ತಂಡಗಳು ಒಂದು ಉಪಾಯ ಹುಡುಕಿದವು. ಹೊರಡುವಾಗಲೇ ಮೊಹರು ಹಾಕಿದ ಕಾಗದವಿರುವ ಒಂದು ಡಬ್ಬಿಯನ್ನು ತಮ್ಮೊಂದಿಗೆ ಇಟ್ಟುಕೊಳ್ಳುತ್ತಾರೆ. ಮೊದಲನೆಯ ಜಾಗದಲ್ಲಿ ಅದನ್ನು ಇಟ್ಟು, ಅಲ್ಲಿದ್ದ ಡಬ್ಬಿಯನ್ನು ಎತ್ತಿಕೊಂಡು ಬರುತ್ತಾರೆ. ಕಾರು ಓಡುತ್ತಿರುವಾಗಲೇ ಅದಕ್ಕೆ ಮೊಹರು ಒತ್ತುತ್ತಾರೆ. ಎರಡನೆಯ ಜಾಗದಲ್ಲಿ ಅದನ್ನು ಇಟ್ಟು, ಅಲ್ಲಿಯದನ್ನು ಎತ್ತಿಕೊಳ್ಳುತ್ತಾರೆ. ಹೀಗೆ ಸಾಲಿನ ಕೊನೆಯವರೆಗೆ. ಕಾಗದ ಬಿಚ್ಚುವ, ಸುತ್ತುವ ಹೊತ್ತು ಉಳಿಯಿತು. ಆದರೆ ಏನಾಯಿತು ನೋಡಿ. ಪ್ರತಿಯೊಂದು ಡಬ್ಬಿಯೂ ಒಂದು ಮನೆ ಮುಂದಕ್ಕೆ ಹೋಯಿತು. ಐವತ್ತು ತಂಡಗಳು ಹೀಗೆ ಮಾಡಿದರೆ ಒಂದು ಡಬ್ಬಿ ಐವತ್ತು ಮನೆ ಮುಂದೆ ಹೋಗಿರುತ್ತದೆ. ೫೦ನ್ನು ೧೬೧ರಿಂದ ಗುಣಿಸಿ. ಎಂಟು ಕಿಲೋಮೀಟರ್! ಇಟ್ಟವರು ಬಂದು ನೋಡಿದರೆ ಅವರ ಡಬ್ಬಿ ಅಲ್ಲಿಲ್ಲ.

ಇನ್ನು ಕೆಲವರು ಎರಡು ಕಾರು ಮಾಡಿಕೊಂಡು ಸಾಲನ್ನು ಪಾಲು ಮಾಡಿಕೊಳ್ಳುತ್ತಾರೆ. ಅರ್ಧ ಡಬ್ಬಿಗಳನ್ನು ಒಂದು ಕಾರಿನವರು, ಉಳಿದರ್ಧವನ್ನು ಇನ್ನೊಂದು ಕಾರಿನವರು ಹುಡುಕುತ್ತಾರೆ. ಸಂಜೆ ಎಲ್ಲರೂ ಎಲ್ಲವನ್ನೂ ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ.

ಇದು ಸರಿಯೇ? ಆಟಗಾರರಲ್ಲೇ ಒಮ್ಮತವಿಲ್ಲ. ಡಬ್ಬಿಯನ್ನು ಇದ್ದಲ್ಲೇ ಇಡಬೇಕೆಂಬುದು ನಿಯಮ ಎನ್ನುತ್ತಾರೆ ಕೆಲವರು. ಇಟ್ಟವರೇ ಬದಲಾಯಿಸಲು ಒಪ್ಪಿದ್ದರೆ ತಪ್ಪೇನು ಎನ್ನುತ್ತಾರೆ ಇನ್ನು ಕೆಲವರು. ಕಾರು ಓಡಿಸಿದವರು ಒಂದು ಡಬ್ಬಿಯನ್ನೂ ಮುಟ್ಟಿಲ್ಲ. ಆದರೆ ಅವರಿಲ್ಲದಿದ್ದರೆ ತಂಡಕ್ಕೆ ಒಂದೂ ಸಿಗುತ್ತಿರಲಿಲ್ಲ. ಅವರ ಲೆಕ್ಕ ಸಾವಿರವೋ ಸೊನ್ನೆಯೋ? ಕಾರಿನಲ್ಲಿ ಜೊತೆಗಿದ್ದವರ ಲೆಕ್ಕವನ್ನಾದರೂ ಒಪ್ಪಬಹುದು. ಎಂಬತ್ತು ಕಿಲೋಮೀಟರ್ ದೂರದಲ್ಲಿದ್ದು, ಕಣ್ಣಿಗೇ ಬೀಳದ ಡಬ್ಬಿಯನ್ನು 'ನಾನು ಕಂಡುಹಿಡಿದೆ' ಎಂದು ಬರೆಯುವುದು ನನಗಂತೂ ಸರಿ ಕಾಣುವುದಿಲ್ಲ. ನೀವು ಬೇರೆ ರೀತಿ ಯೋಚಿಸಬಹುದು. ತರಗತಿಯಲ್ಲಿ ಮಾತನಾಡಿ ನೋಡಿ.

ಎಣಿಕೆಯ ಗಲಾಟೆ ಆಟಗಾರರೊಳಗಿನದು. ಇನ್ನೊಂದು ತೊಂದರೆ ಎಲ್ಲರಿಗೂ ಸೇರಿದ್ದು. ಆ ರಸ್ತೆಯಲ್ಲಿ ಬೇರೆ ವಾಹನಗಳು ಬಹಳ ವೇಗವಾಗಿ ಬರುತ್ತವೆ. ಅಂಥಲ್ಲಿ ಒಂದು ಕಾರು ೧೬೧ ಮೀಟರಿಗೊಮ್ಮೆ ನಿಂತರೆ? ನಿದ್ದೆಗೆಟ್ಟವರು ಬಾಗಿಲು ತೆರೆದು ಕತ್ತಲಲ್ಲಿ ಹೊರಗೆ ಓಡಿದರೆ? ಅಪಾಯವಾಗಬಹುದೆಂದು ನೆವಾಡಾದ ಸಾರಿಗೆ ಇಲಾಖೆ ಹೇಳಿತು. ೨೦೧೧ರಲ್ಲಿ ಆ ಸಾಲಿನ ಡಬ್ಬಿಗಳನ್ನು ತೆಗೆಯಬೇಕಾಯಿತು. ಮುಂದೆ ಅದೇ ಪ್ರದೇಶದಲ್ಲಿ ಡಬ್ಬಿಗಳು ಮತ್ತೆ ಬಂದವು, ತಂಡಗಳೂ ಬಂದವು.

ಓರೆಗಾನಿನ ಆ ಮೊದಲ ಬಕೆಟ್ ಏನಾಯಿತು? ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹಾಳಾಯಿತು. ಉಳಿದದ್ದು ಕಾಳಿನ ಡಬ್ಬಿ ಒಂದೇ. ಅದನ್ನು ಯಾರೂ ತೆರೆದು ತಿನ್ನಲಿಲ್ಲ. ಆಟಗಾರರು ಅದನ್ನು ಜೋಪಾನವಾಗಿ ಇಟ್ಟುಕೊಂಡು, ಊರಿಂದೂರಿಗೆ ಒಯ್ದು ತೋರಿಸಿದರು. ಬಕೆಟ್ ಇದ್ದ ಜಾಗದಲ್ಲಿ ೨೦೦೩ರಲ್ಲಿ ಒಂದು ಫಲಕವನ್ನು ನೆಲದಲ್ಲಿ ಕೂರಿಸಿದ್ದಾರೆ. ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅಲ್ಲಿ ಬಂದು ಹೆಸರು ಬರೆದರೆ ಅದೂ ಲೆಕ್ಕಕ್ಕೆ ಒಂದೇ ಡಬ್ಬಿ.